ದುಂಡವ್ವನ ಪಾಳಿ ತಪ್ಪಿಸಿದ ಸರ್ವರ್ ಸಾಹೇಬರಿಗೆ

ಶ್ರೀಮಾನ್ ಸರ್ವರ್ ಸಾಹೇಬರ ಸನ್ನಿಧಿಗೆ,
ಕಬ್ಬು ನೋಂದಣಿ ವಿಭಾಗ, ಹೆಸರು ಹೇಳಬಾರದ ಒಂದು ಸಕ್ಕರೆ ಕಾರ್ಖಾನೆ, ಗೋಕಾಕ ಕಚೇರಿ.
ಇರಬೇಕಾದ ಜಾಗ: ಒಳಕೋಣೆ, ಬೀಗದೊಳಗೆ. ಇರುವ ಜಾಗ: ಕಿಟಕಿ ಪಕ್ಕದ ನನ್ನ ಮೇಜು.

ಮಾನ್ಯರೇ,

ತಮ್ಮ ಪಾದಗಳೆಂದು ಭಾವಿಸಬಹುದಾದ ನಾಲ್ಕು ರಬ್ಬರ್ ಗುಂಡಿಗಳಿಗೆ ಈ ಕಚೇರಿಯ ಗುಮಾಸ್ತನಾದ ಬೀರಸಿದ್ದಪ್ಪನು ಹಣೆ ಹಚ್ಚಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದು ಮುಂಭಾಗದ ಹಸಿರು ದೀಪದಿಂದ ತಿಳಿದು ಸಂತೋಷವಾಯಿತು. ಇತ್ತ ನಾನು ಕ್ಷೇಮವಾಗಿಲ್ಲ. ಅದಕ್ಕೆ ತಾವೇ ಕಾರಣರೆಂದು ಸಾಬೀತುಪಡಿಸುವ ಉದ್ದೇಶದಿಂದ ಈ ಪತ್ರ ಬರೆಯಲು ಕುಳಿತಿದ್ದೇನೆ. ಸಾಬೀತಾಗುತ್ತದೋ ಇಲ್ಲವೋ, ಮುಗಿದ ಮೇಲೆ ನೋಡೋಣ. ತಮ್ಮ ಮೇಲಿನ ದೂರನ್ನು ತಮ್ಮ ಮೇಲೆಯೇ ಟೈಪು ಮಾಡುತ್ತಿರುವುದಕ್ಕೆ ಕ್ಷಮೆ ಇರಲಿ, ಕಚೇರಿಯಲ್ಲಿ ಬೇರೆ ಯಂತ್ರವಿಲ್ಲ.

ಮೂರು ವರ್ಷದ ಹಿಂದೆ ತಾವು ಬೆಳಗಾವಿಯಿಂದ ಜೀಪಿನಲ್ಲಿ ದಯಮಾಡಿಸಿದಾಗ ಜೊತೆಗೆ ಬಂದಿದ್ದ ಇಂಜಿನಿಯರು ಹೇಳಿದ್ದು ಒಂದೇ ಮಾತು: "ಇದನ್ನ ಒಳಗಿನ ಖೋಲ್ಯಾಗ ಇಡ್ರಿ, ಕೀಲಿ ಹಾಕ್ರಿ, ಯಾರೂ ಮುಟ್ಟಬ್ಯಾಡ್ರಿ." ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ರೈತರು ಯಾವ ದಿನ ತಮ್ಮ ಕಬ್ಬನ್ನು ನೋಂದಾಯಿಸಿದರು ಎಂಬ ವಿವರವೆಲ್ಲ ತಮ್ಮ ಹೊಟ್ಟೆಯೊಳಗೆ ಇರುತ್ತದೆ. ಮೊದಲು ನೋಂದಾಯಿಸಿದವರ ಕಬ್ಬು ಮೊದಲು ಕಡಿಯಬೇಕು. ಇದಕ್ಕೆ ನಮ್ಮಲ್ಲಿ ಪಾಳಿ ಎನ್ನುತ್ತಾರೆ, ಈ ಪಾಳಿಗಾಗಿ ಒಡಹುಟ್ಟಿದ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಗುಮಾಸ್ತನ ಕೈಗೆ ಬಿಟ್ಟರೆ ಒಂದು ಕಪ್ ಚಹಾಕ್ಕೆ ತಾರೀಖು ಬದಲಾದೀತೆಂದು ಹೆದರಿ, ನೋಂದಣಿಯ ತಾರೀಖನ್ನು ತಾವೇ ತಮ್ಮ ಗಡಿಯಾರ ನೋಡಿ ಹಾಕುವಂತೆ ಮೇಲಿನವರು ವ್ಯವಸ್ಥೆ ಮಾಡಿದರು. ಮನುಷ್ಯರನ್ನು ನಂಬದೆ ತಮ್ಮನ್ನು ನಂಬಿದ ಆ ದೊಡ್ಡವರು, ತಮ್ಮ ಮುಂದೆ ಬಂದು ಕೂರುವವನೂ ಮನುಷ್ಯನೇ ಎಂಬುದನ್ನು ಮರೆತರು.

ತಾವು ಬಂದ ಎರಡೇ ತಿಂಗಳಿಗೆ ನನ್ನ ಹಳೆಯ ಕಂಪ್ಯೂಟರಿನೊಳಗೆ ಇಲಿ ಮರಿ ಹಾಕಿತು. ಹೊಸದು ಬೇಕೆಂದು ನಾನು ಬರೆದ ಅರ್ಜಿ ಇನ್ನೂ ದಾರಿಯಲ್ಲಿದೆ. ಒಂದು ದಿನದ ಮಟ್ಟಿಗೆ ಎಂದು ತಮ್ಮನ್ನು ಬೀಗ ತೆಗೆದು ಹೊರಗೆ ತಂದು ನನ್ನ ಮೇಜಿನ ಮೇಲೆ ಕೂರಿಸಿಕೊಂಡೆ, ಆ ಒಂದು ದಿನ ಇವತ್ತಿಗೂ ಮುಗಿದಿಲ್ಲ. ಅಂದಿನಿಂದ ತಾವು ಪಟ್ಟ ಪಾಡನ್ನು ಹೇಳಲು ನನಗೇ ನಾಚಿಕೆ. ನನ್ನ ಮನೆಯವಳು ಹೆಣೆದ ಉಲ್ಲನ್ ಟೊಪ್ಪಿಗೆಯನ್ನು ಧೂಳು ಕೂರಬಾರದೆಂದು ತಮಗೆ ತೊಡಿಸಿದೆ, ತಮಗೆ ಸೆಕೆಯಾಗುತ್ತದೆಂಬುದು ಹೊಳೆಯಲಿಲ್ಲ. ಆಯುಧಪೂಜೆಗೆ ಮೂರೆಳೆ ವಿಭೂತಿ ಹಚ್ಚಿ ತಮ್ಮ ಎದುರಿಗೇ ಕಾಯಿ ಒಡೆದೆ. ನಾಲ್ಕು ಹನಿ ಕಾಯಿನೀರು ಗಾಳಿಕಿಂಡಿಯೊಳಗೆ ಹೋಯಿತು, ಪ್ರಸಾದವೆಂದು ತಾವು ಸುಮ್ಮನಿದ್ದಿರಿ. ಮಧ್ಯಾಹ್ನದವರೆಗೆ ರೊಟ್ಟಿ ಪಲ್ಯ ಬಿಸಿಯಾಗಿರಲೆಂದು ಬುತ್ತಿಯನ್ನು ತಮ್ಮ ನೆತ್ತಿಯ ಮೇಲೆ ಇಟ್ಟೆ. ನಾನು ಕುಸ್ತಿಯ ವಿಡಿಯೊ ಹಚ್ಚಿಕೊಂಡು ಕೂತಾಗೆಲ್ಲ ಮೂಡಲಗಿ ಕಚೇರಿಯ ಪರದೆ ನಿಂತುಬಿಡುತ್ತಿತ್ತು, ಅಲ್ಲಿಂದ ಫೋನು ಬರುತ್ತಿತ್ತು: "ಏನ್ರಿ ಬೀರಸಿದ್ದಪ್ಪ, ಸರ್ವರ ಮಕ್ಕೊಂಡೈತೇನ್ರಿ?" ನಾನು ಪೈಲವಾನರ ಮೇಲಿಂದ ಕಣ್ಣು ತೆಗೆಯದೆ, "ನೆಟ್‌ವರ್ಕ ಇಲ್ರಿ, ಮ್ಯಾಲಿಂದನ ಹೋಗೇತಿ" ಎನ್ನುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ತಮಗೆ ಪತ್ರ ಬರೆಯುವ ಕೆಲಸವಿರಲಿಲ್ಲ. ಆದರೆ ನನಗೊಂದು ಚಟವಿದೆ, ಲಗ್ನಪತ್ರಿಕೆ ಮಾಡುವುದು. ನೆಂಟರು, ನೆಂಟರ ನೆಂಟರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಯಾರ ಮನೆಯ ಲಗ್ನವಾದರೂ ಪತ್ರಿಕೆ ನಾನೇ ಮಾಡಿಕೊಡಬೇಕು, ಅವರು "ಭಾರಿ ಮಾಡ್ಯಾನಲಾ" ಎನ್ನಬೇಕು. ಅದಕ್ಕೆಂದು ತಮ್ಮೊಳಗೆ ಮೂವತ್ತು ದಿನ ಪುಕ್ಕಟೆ ನಡೆಯುವ ಒಂದು ತಂತ್ರಾಂಶವನ್ನು ತುಂಬಿದ್ದೆ. ಮೂವತ್ತೊಂದನೆಯ ದಿನ ಅದು ಬಾಗಿಲು ಹಾಕಿಕೊಂಡಿತು. ತಮ್ಮ ಗಡಿಯಾರವನ್ನು ಒಂದು ತಿಂಗಳು ಹಿಂದಕ್ಕೆ ತಿರುವಿದರೆ ಬಾಗಿಲು ಮತ್ತೆ ತೆರೆಯುತ್ತದೆಂಬ ಮಹಾಸತ್ಯವನ್ನು ನಾನೊಬ್ಬನೇ ಕಂಡುಹಿಡಿದೆ. ತಿರುವುವುದು, ಪತ್ರಿಕೆ ಮಾಡುವುದು, ಮತ್ತೆ ಮುಂದಕ್ಕೆ ತಿರುವುವುದು. ಇಷ್ಟು ಜಾಣನೊಬ್ಬ ಗೋಕಾಕದಲ್ಲಿದ್ದಾನೆಂಬುದು ಜಗತ್ತಿಗೆ ಗೊತ್ತಿಲ್ಲವಲ್ಲಾ ಎಂದು ಆಗಾಗ ಮರುಗುತ್ತಿದ್ದೆ.

ಹೋದ ವರ್ಷ ಜುಲೈ ಹದಿನಾಲ್ಕರಂದು ಅಂಕಲಗಿಯಿಂದ ನನ್ನ ಮಾವ ಲಗಮಪ್ಪನವರು ಕಚೇರಿಗೆ ಬಂದರು. ಶ್ರಾವಣದಲ್ಲಿ ನನ್ನ ನಾದಿನಿಯ ಲಗ್ನವಿತ್ತು. ಪತ್ರಿಕೆಯ ಕೆಳಗೆ ಅರವತ್ಮೂರು ಹೆಸರು ಹಾಕಬೇಕು, ಒಂದೂ ಬಿಡುವಂತಿಲ್ಲ, ಯಾರ ಹೆಸರೂ ಯಾರಿಗಿಂತ ಸಣ್ಣದಾಗಿ ಕಾಣುವಂತಿಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮಾವ ನನ್ನಿಂದ ಕೇಳಿದ ಮೊದಲ ಉಪಕಾರ ಅದು. ಗಡಿಯಾರ ತಿರುವಿದೆ, ಅರವತ್ಮೂರೂ ಹೆಸರು ಕೂರಿಸಿದೆ, ಮಾವನವರು ಮುಖ ಅರಳಿಸಿದ್ದನ್ನು ಕಂಡೆ. ಆ ಆನಂದದಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುವುವುದನ್ನು ಮರೆತೆ. ಸಂಜೆಯವರೆಗೆ ನಲವತ್ತೊಂದು ಜನ ಬಂದು ಕಬ್ಬು ನೋಂದಾಯಿಸಿದರು, ಹೇಗೂ ಬಂದಿದ್ದೇನೆಂದು ಮಾವನವರೂ ತಮ್ಮ ಮೂರು ಎಕರೆ ನೋಂದಾಯಿಸಿದರು. ತಾವು ಎಲ್ಲರಿಗೂ ಜೂನ್ ಹದಿನಾಲ್ಕು ಎಂದು ಮುದ್ರೆ ಒತ್ತಿದಿರಿ. ಮರುದಿನ ನಾನು ಗಡಿಯಾರ ಸರಿ ಮಾಡಿ, ಏನೂ ಆಗಿಲ್ಲವೆಂಬಂತೆ ಬುತ್ತಿ ಬಿಚ್ಚಿದೆ.

ಈಗ ಕಬ್ಬು ಕಡಿಯುವ ಹಂಗಾಮು ನಡೆದಿದೆ. ಕೊಣ್ಣೂರಿನ ದುಂಡವ್ವ ಎರಡು ವಾರದಿಂದ ದಿನಾ ಬಂದು ನನ್ನ ಮೇಜಿನ ಮುಂದಿನ ಬಾಕಿನ ಮೇಲೆ ಕೂರುತ್ತಾರೆ. ಅವರದು ಎರಡೆಕರೆ, ನೋಂದಾಯಿಸಿದ್ದು ಜುಲೈ ಐದಕ್ಕೆ. ಆ ನಲವತ್ತೊಂದೂ ಜನ ಅವರನ್ನು ದಾಟಿ ಮುಂದೆ ಹೋಗಿದ್ದಾರೆ. ಪಾಳಿ ತಪ್ಪಿದ ಉಳಿದವರು ಯಾರ್ಯಾರಿಂದಲೋ ಫೋನು ಮಾಡಿಸಿ ತಮ್ಮ ದಾರಿ ನೋಡಿಕೊಂಡರು, ದುಂಡವ್ವರಿಗೆ ಫೋನು ಮಾಡುವವರಿಲ್ಲ. ಕಬ್ಬು ಸೂಲಂಗಿ ಹೂ ಬಿಟ್ಟು ಒಳಗೆ ಬೆಂಡಾಗತೊಡಗಿದೆ, ಇನ್ನೊಂದು ತಿಂಗಳು ನಿಂತರೆ ಅವರ ವರ್ಷದ ದುಡಿಮೆ ಒಲೆಗೆ ಹಾಕುವ ರವದಿಯಾಗುತ್ತದೆ. ಅವರು ಜಗಳವಾಡಿದ್ದರೆ ನಾನೂ ಜಗಳವಾಡಿ ಬಚಾವಾಗುತ್ತಿದ್ದೆ. "ಬಾಜೂ ಹೊಲದಾಂವ ನನಕಿಂತ ಆಮ್ಯಾಲ ಹಚ್ಚಿದಾಂವ, ಅವನ ಕಬ್ಬ ಕಡದ ಹೋತು, ನಂದ ನಿಂತೈತಿ. ಯಾಕ ಅಂತ ಅಷ್ಟ ಹೇಳ ಯಪ್ಪಾ" ಎಂದು ಮಾತ್ರ ಕೇಳುತ್ತಾರೆ. ಯಾಕೆಂದು ಹುಡುಕಲು ಹೋಗಿ ಬಾಜೂ ಹೊಲದವನ ತಾರೀಖು ನೋಡಿದೆ: ಜೂನ್ ಹದಿನಾಲ್ಕು. ತಮ್ಮ ಹೊಟ್ಟೆಯೊಳಗೆ ಅದೇ ತಾರೀಖಿನ ಕೆಳಗೆ ನನ್ನ ಅರವತ್ಮೂರು ಹೆಸರಿನ ಲಗ್ನಪತ್ರಿಕೆಯೂ ಇತ್ತು.

ಇತ್ತ ಅಂಕಲಗಿಯಲ್ಲಿ ನನ್ನ ಯೋಗವೇ ತೆರೆದಿತ್ತು. ಅಳಿಯ ಕೈವಾಡ ಮಾಡಿ ಮಾವನ ಪಾಳಿ ಮುಂದೆ ತಂದನೆಂದು ಊರೆಲ್ಲ ನಂಬಿತ್ತು, ಮಾವನವರು ಎಲ್ಲರಿಗಿಂತ ಹೆಚ್ಚು ನಂಬಿದ್ದರು. "ನಮ್ಮ ಅಳಿಯಾ ಅಂದ್ರ ಏನ ತಿಳದೀರಿ!" ಎಂದು ಕಟ್ಟೆಯ ಮೇಲೆ ಹೇಳುತ್ತಿದ್ದರಂತೆ. ಹನ್ನೊಂದು ವರ್ಷ ಚಾಪೆಯ ಮೇಲೆ ಕೂತವನಿಗೆ ಕುರ್ಚಿ ಬಂತು, ಹೋಳಿಗೆಯ ಮೇಲೆ ಬೀಳುವ ತುಪ್ಪ ಹೆಚ್ಚಾಯಿತು. ನಿಜ ಹೇಳುತ್ತೇನೆ, ನಾನು ಆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಯೇ ಕೂತಿದ್ದೆ.

ಮಾನ್ಯರೇ, ಈಗ ನನ್ನ ದೂರು. ತಾವು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಸ್ವಭಾವದವರು. ಜುಲೈಯನ್ನು ಜೂನ್ ಎಂದೆ, ಆಗಲಿ ಎಂದಿರಿ. ನಿನ್ನೆಯಷ್ಟೇ ಜುಲೈ ನೋಡಿದ್ದೆನಲ್ಲ ಎಂದು ಒಂದು ಮಾತು ಕೇಳಬಾರದಿತ್ತೇ? ತಮ್ಮಂಥ ವಿಧೇಯರು ಸರಕಾರದಲ್ಲಿದ್ದರೆ ಇಷ್ಟೊತ್ತಿಗೆ ಎಷ್ಟು ಬಡ್ತಿ ಪಡೆದಿರುತ್ತಿದ್ದರೋ! ಆದ್ದರಿಂದ ಕೆಲವು ಬಿನ್ನಹಗಳನ್ನು ಮನ್ನಿಸಬೇಕು. ಇನ್ನು ಮುಂದೆ ನಾನು ತಮ್ಮ ಗಡಿಯಾರಕ್ಕೆ ಕೈ ಹಚ್ಚಿದರೆ ತಾವು ಒಂದು ಕೈ ಬೆಳೆಸಿಕೊಂಡು ನನ್ನ ಕಪಾಳಕ್ಕೆ ಕೊಡಬೇಕು. ಹೊಗಳಿಕೆ ಕೇಳಲು ನಾನು ಬಾಯಿ ತೆರೆದು ಕೂತಾಗ ಕರೆಂಟು ಹೋದಂತೆ ನಟಿಸಬೇಕು. ತಿಂಗಳನ್ನು ಹಿಂದಕ್ಕೆ ಒಯ್ಯುವ ವಿದ್ಯೆ ತಮಗೆ ಹೇಗೂ ಬರುತ್ತದೆ, ಒಂದು ಸಲ ಖರೆಯಾಗಿಯೂ ಹಿಂದಕ್ಕೆ ಹೋಗಿ ನನ್ನನ್ನು ಆ ಹದಿನಾಲ್ಕನೇ ತಾರೀಖಿಗೆ ಮುಟ್ಟಿಸಬೇಕು. ಅದಾಗದಿದ್ದರೆ ಕೊಣ್ಣೂರಿನ ಕಡೆ ಫ್ಯಾನು ತಿರುಗಿಸಿ, ಆ ಎರಡೆಕರೆ ಕಬ್ಬು ಒಣಗದಂತೆ ಸ್ವಲ್ಪ ತಣ್ಣಗೆ ಊದಬೇಕು.

ನಮ್ಮ ಅಧಿಕಾರಿ ಜಿನದತ್ತ ಸಾಹೇಬರು ನನ್ನ ಮುಖ ನೋಡಿಯೇ ವಿಷಯ ತಿಳಿದು ದಾರಿ ತೋರಿಸಿದರು. "ಯಾಕ ತಲಿ ಕೆಡಿಸ್ಕೊಂತಿ? ಸರ್ವರ ಕೆಟ್ಟಿತ್ತು ಅಂತ ಒಂದ ರಿಪೋರ್ಟ ಬರದ ಒಗಿ. ಮಷೀನಿಗೇನ ಮಾನಾ, ಮರ್ಯಾದಿ?" ದಾರಿ ಚೆನ್ನಾಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದರೆ ನೆಲವೇನೂ ವಕೀಲರನ್ನು ಇಡುವುದಿಲ್ಲ. ಆದರೆ ನಿಯಮವೊಂದಿದೆ: ಯಂತ್ರ ಕೆಟ್ಟಿತ್ತೆಂದರೆ ಯಾವ ತಾರೀಖು ಖರೆ, ಯಾವುದು ಸುಳ್ಳು ಎಂದು ಹೇಳುವವರಿಲ್ಲ, ಹಂಗಾಮು ಮುಗಿಯುವವರೆಗೆ ಪಟ್ಟಿ ಇದ್ದ ಹಾಗೇ ಇರುತ್ತದೆ. ತಾರೀಖು ಬದಲಿಸಿದವನು ತಾನೇ ಬದಲಿಸಿದೆನೆಂದು ಸಹಿ ಮಾಡಿ ಕೊಟ್ಟರೆ ಮಾತ್ರ ಅವತ್ತೇ ತಿದ್ದಬಹುದು. ಸೋಮವಾರ ಕಡಿಯುವ ಗ್ಯಾಂಗು ಇಳಿಯಬೇಕಾಗಿರುವುದು ನಮ್ಮ ಮಾವನವರ ಹೊಲಕ್ಕೆ. ತಿದ್ದಿದರೆ ಅದು ದುಂಡವ್ವರ ಹೊಲಕ್ಕೆ ಹೋಗುತ್ತದೆ. ಮೂರು ದಿನ ಇದು ಗಂಟಲಲ್ಲಿ ಬಿಸಿ ತುಪ್ಪವಾಗಿತ್ತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕಳ್ಳನೆನಿಸಿಕೊಂಡರೆ ಕುರ್ಚಿ ಉಳಿಯುತ್ತದೆ, ಪೆದ್ದನೆಂದು ಒಪ್ಪಿಕೊಂಡರೆ ಮಾತ್ರ ದುಂಡವ್ವರ ಕಬ್ಬು ಉಳಿಯುತ್ತದೆ.

ಇವತ್ತು ಬೆಳಿಗ್ಗೆ ಸಹಿ ಮಾಡಿ ಕೊಟ್ಟೆ. ಜಿನದತ್ತ ಸಾಹೇಬರು ಕಾಗದವನ್ನು ಎರಡು ಸಲ ಓದಿ, ನನ್ನನ್ನು ಒಂದು ಸಲ ನೋಡಿ, ಪಟ್ಟಿ ತಿದ್ದಿಸಿದರು. ನನ್ನ ಮೇಲಿನ ಕ್ರಮ ಏನೆಂಬುದು ಮುಂದಿನ ವಾರ ಗೊತ್ತಾಗುತ್ತದೆ. ಅಲ್ಲಿಂದ ನೇರ ಅಂಕಲಗಿಗೆ ಹೋಗಿ ಮಾವನವರಿಗೂ ಹೇಳಿ ಬಂದೆ. ಪಾಳಿ ಹೋದದ್ದಕ್ಕೆ ಅವರು ಅಷ್ಟು ನೊಂದುಕೊಳ್ಳಲಿಲ್ಲ. "ಲಟಪಟಿ ಮಾಡ್ಯಾನ ಅಂದ್ರ ಮಂದ್ಯಾಗ ಹೇಳ್ಕೋಬಹುದಿತ್ತು. ಗಡಿಯಾರ ತಿರವಿ ಮರತಾನ ಅಂತ ಯಾರ ಮುಂದ ಹೇಳ್ಲಿ?" ಎಂದರು. ಚಾಪೆ ಇದ್ದ ಜಾಗದಲ್ಲೇ ಇತ್ತು, ನಾನೇ ಹಾಸಿಕೊಂಡೆ.

ಹೀಗಾಗಿ, ಮಾನ್ಯರೇ, ತಮ್ಮ ಮೇಲಿನ ದೂರು ಸಾಬೀತಾಗಲಿಲ್ಲ. ತಮ್ಮನ್ನು ನಾಳೆ ಒಳಕೋಣೆಗೆ ಸೇರಿಸಿ ಬೀಗ ಹಾಕಿ, ಕೀಲಿಯನ್ನು ಸಾಹೇಬರ ಕೈಗೆ ಕೊಡುತ್ತೇನೆ.

ತಮ್ಮ ಪಾಸ್‌ವರ್ಡ್ ಇನ್ನೂ ನೆನಪಿರುವ, ಆದ್ದರಿಂದ ನಂಬಬಾರದ, ವಿಶ್ವಾಸಿ,
ಬೀರಸಿದ್ದಪ್ಪ, ಗುಮಾಸ್ತ

ತಾ. ಕ.: ಇದನ್ನು ಕಚೇರಿಯ ಫಲಕಕ್ಕೆ ಹಚ್ಚುವ ಮುನ್ನ, ಬಾಕಿನ ಮೇಲೆ ಕೂತಿದ್ದ ದುಂಡವ್ವರಿಗೆ ಪೂರ್ತಿ ಓದಿ ಹೇಳಿದೆ. ತಮ್ಮ ಫ್ಯಾನಿನ ಜಾಗಕ್ಕೆ ಬಂದಾಗ ನಗುತ್ತಾರೆಂದು ಸ್ವಲ್ಪ ತಡೆದೆ, ನಗಲಿಲ್ಲ. ಮುಗಿದ ಮೇಲೆ ಕೇಳಿದರು: "ಮಷೀನಿಗೆ ಇಷ್ಟುದ್ದ ಬರದಿ. ತಪ್ಪಾತವಾ ಅಂತ ನನಗ ಒಂದ ಮಾತ ಯಾಕ ಅನವಲ್ಲಿ?" ಎದ್ದು ನಿಂತು, ಅಂದೆ.