ಗಂಡಸರ ನೂರು ಮೀಟರ್, ನನ್ನ ಬುಟ್ಟಿ

ನೂರು ಮೀಟರ್ ಓಟ ಮುಗಿಯೋದಕ್ಕೆ ಒಂದು ಸಲ ಸೀನಿ ಮೂಗು ಒರೆಸಿಕೊಳ್ಳುವಷ್ಟು ಹೊತ್ತು ಸಾಕು. ಆದರೆ ಅದರ ಹಿಂದೆ ಮುಂದೆ ನಡೆಯೋದನ್ನು ಹೇಳುತ್ತಾ ಕೂತರೆ ಒಂದು ಮಧ್ಯಾಹ್ನ ಸಾಲದು. ಪ್ರತಿ ಸಲ ಮೈದಾನಕ್ಕೆ ಹೋಗುವಾಗಲೂ “ಇವತ್ತು ಏನೂ ಆಗದಿರಲಪ್ಪ” ಅಂದುಕೊಂಡೇ ಹೋಗುತ್ತೇನೆ. ಏನಾದರೂ ಆಗಿಯೇ ಆಗುತ್ತದೆ.

ನಾನಿರೋದು ಅಮೆರಿಕಾದಲ್ಲಿ, ನ್ಯೂಜೆರ್ಸಿಯ ಕೆಂಡಲ್ ಪಾರ್ಕ್ ಅನ್ನುವ ಊರಿನಲ್ಲಿ. ವಾರವೆಲ್ಲ ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರ್ ಮುಂದೆ. ಶನಿವಾರ ಬಂದರೆ ಬಿಳಿ ಟೋಪಿ, ಕುತ್ತಿಗೆಗೊಂದು ಬ್ಯಾಡ್ಜ್ ಹಾಕಿಕೊಂಡು ಓಟದ ಕೂಟಗಳಿಗೆ ಅಫೀಶಿಯಲ್ ಆಗಿ ಹೋಗುತ್ತೇನೆ, ಪುಕ್ಕಟೆಯಾಗಿ. ಮಗಳು ಸ್ಕೂಲಿನಲ್ಲಿ ಓಡುತ್ತಿದ್ದಾಗ ಅಪ್ಪ ಅಮ್ಮಂದಿರು ವಾಲಂಟಿಯರ್ ಮಾಡಲೇಬೇಕಿತ್ತು, ಹಾಗೆ ಶುರುವಾಯಿತು. ಮಗಳು ಓಟ ಬಿಟ್ಟು ಕಾಲೇಜಿಗೆ ಹೋದಳು. ನಾನು ಮೈದಾನದಲ್ಲೇ ಉಳಿದುಕೊಂಡೆ.

ಬುಟ್ಟಿ

ಮೊದಲ ಸಲ ನನಗೆ ಅಂತರರಾಷ್ಟ್ರೀಯ ಕೂಟದಲ್ಲಿ ಕೆಲಸ ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ, ಗಂಡಸರ ನೂರು ಮೀಟರ್ ಓಟಕ್ಕೆ. ಟೀವಿಯಲ್ಲಿ ಬರುವ ಎಂಟು ಜನ ಓಟಗಾರರು ನನ್ನೆದುರೇ ನಿಂತಿದ್ದರು. ಒಬ್ಬ ತೊಡೆ ಬಡಿದುಕೊಳ್ಳುತ್ತಿದ್ದ, ಒಬ್ಬ ಆಕಾಶದ ಕಡೆ ನೋಡಿ ಏನೋ ಜಗಳ ಆಡುತ್ತಿದ್ದ. ನನ್ನ ಕೆಲಸ ಅಂದರೆ, ಅವರು ಬಿಚ್ಚಿ ಹಾಕುವ ಟ್ರ್ಯಾಕ್ ಸೂಟು, ಶೂಸು, ಟೋಪಿಗಳನ್ನು ಬುಟ್ಟಿಗೆ ಹಾಕಿಕೊಂಡು ಓಟ ಮುಗಿಯುವ ಕಡೆಗೆ ಮುಟ್ಟಿಸುವುದು. ಪ್ರತಿಯೊಬ್ಬನಿಗೂ ಒಂದು ಬುಟ್ಟಿ, ಪ್ರತಿ ಬುಟ್ಟಿಗೂ ಒಬ್ಬ ವಾಲಂಟಿಯರ್.

ಗನ್ ಹೊಡೆಯಿತು. ಅವರು ಓಡಿದರು. ನಾನೂ ಬುಟ್ಟಿ ಎದೆಗೆ ಅವಚಿಕೊಂಡು ಮೈದಾನದ ಅಂಚಿನಲ್ಲಿ ಓಡಿದೆ.

ನಮ್ಮ ಯಜಮಾನರು ಸ್ಟ್ಯಾಂಡಿನಲ್ಲಿ ಕೂತು ವಿಡಿಯೋ ಮಾಡುತ್ತಿದ್ದರು. ಮನೆಗೆ ಬಂದು ನೋಡಿದರೆ ಶುರುವಿನಿಂದ ಕೊನೆಯವರೆಗೂ ನಾನೇ. ಜಗತ್ತಿನ ಅತಿ ವೇಗದ ಗಂಡಸರು ಹಿಂದುಗಡೆ ಬಣ್ಣ ಬಣ್ಣವಾಗಿ ಸುಂಯ್ ಅಂತ ದಾಟಿಹೋಗಿದ್ದರು ಅಷ್ಟೆ. “ಅಲ್ರೀ, ರೇಸ್ ಎಲ್ಲಿ?” ಅಂದೆ. “ರೇಸ್ ಯೂಟ್ಯೂಬಲ್ಲಿ ಸಿಗತ್ತೆ, ನೀನು ಓಡೋದು ಎಲ್ಲಿ ಸಿಗತ್ತೆ?” ಅಂದರು. ಅಷ್ಟಕ್ಕೇ ನಿಲ್ಲಿಸದೆ ಮೈಸೂರಿನಲ್ಲಿರುವ ನಮ್ಮಮ್ಮನಿಗೂ ಕಳಿಸಿಬಿಟ್ಟರು.

ಅಮ್ಮ ತಕ್ಷಣ ಫೋನ್ ಮಾಡಿದಳು. “ಎಷ್ಟನೇ ಪ್ರೈಜ್ ಬಂತೇ?”

“ನಾನು ರೇಸಲ್ಲಿ ಓಡಲಿಲ್ಲಮ್ಮಾ. ಓಡೋರ ಬಟ್ಟೆ ತಗೊಂಡು ಹೋದೆ.”

ಅಮ್ಮ ನಿಟ್ಟುಸಿರು ಬಿಟ್ಟು ಹೇಳಿದಳು: “ಅಷ್ಟು ಓದಿಸಿ, ಅಮೆರಿಕಾಕ್ಕೆ ಕಳಿಸಿದ್ರೂ ಗಂಡಸರ ಬಟ್ಟೆ ಎತ್ತೋದು ತಪ್ಪಲಿಲ್ಲ ನೋಡು ನಿನಗೆ.”

ಯಾವ ಊರು

ಮುಂದಿನದೆಲ್ಲ ನಡೆದದ್ದು ನ್ಯೂಜೆರ್ಸಿಯ ಒಂದು ಕಾಲೇಜ್ ಮೈದಾನದಲ್ಲಿ, ಹಿರಿಯರ ಅಂತರರಾಷ್ಟ್ರೀಯ ಕೂಟದಲ್ಲಿ. ದೇಶ ದೇಶಗಳಿಂದ ಅಜ್ಜಂದಿರು ಬಂದಿದ್ದರು. ಅಜ್ಜಂದಿರು ಅಂದರೆ ಊರುಗೋಲಿನ ಅಜ್ಜಂದಿರಲ್ಲ, ಮೊಳೆ ಶೂ ಹಾಕಿಕೊಂಡು ಹುಲಿಗಳ ಹಾಗೆ ಶತಪಥ ತಿರುಗುವ ಅಜ್ಜಂದಿರು.

ಅಲ್ಲಿ ನನ್ನನ್ನು ಹಾಕಿದ್ದು ಕಾಲ್ ರೂಮಿಗೆ. ಓಟಕ್ಕೆ ಮುಂಚೆ ಎಲ್ಲರ ಹೆಸರು ಕರೆದು ಸಾಲಾಗಿ ಕೂರಿಸುವ ಡೇರೆ ಅದು. ಅರವತ್ತೈದು ದಾಟಿದ ಗಂಡಸರ ನೂರು ಮೀಟರ್ ಬಂತು. ಡೇರೆಯ ಮೇಲ್ವಿಚಾರಕಿ ಒಂದು ಹೆಸರಿನ ಮುಂದೆ ಬಂದು ನಿಂತುಬಿಟ್ಟಳು. ಮೂರು ಸಲ ಪ್ರಯತ್ನ ಮಾಡಿದಳು, ಮೂರು ಸಲವೂ ಕೆಮ್ಮಿದ ಹಾಗೆ ಕೇಳಿಸಿತು. ಕೊನೆಗೆ ಹೆಸರಿನ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ಇಷ್ಟುದ್ದ ಇದೆ ಅಂದ್ರೆ ನಿಮ್ಮ ಕಡೆಯವರೇ ಇರಬೇಕು, ನೀನೇ ಕರಿ” ಅಂದಳು.

ನೋಡಿದೆ. ನಮ್ಮ ಕಡೆಯವರಲ್ಲ, ಫಿನ್‌ಲ್ಯಾಂಡಿನವರು. ಎರಡೆರಡು ಕೆ, ಎರಡೆರಡು ಟಿ, ನಡುವೆ ಎಳೆದಷ್ಟೂ ಮುಗಿಯದ ಎ. ಆದರೆ ಕನ್ನಡದವರಿಗೆ ಇದೆಲ್ಲ ಒಂದು ಕಷ್ಟವೇ? ಬರೆದಿದ್ದನ್ನು ಬರೆದ ಹಾಗೆ ಓದುವ ಜನ ನಾವು. ಒತ್ತಿದ್ದ ಕಡೆ ಒತ್ತಿದೆ, ದೀರ್ಘ ಇದ್ದ ಕಡೆ ಎಳೆದೆ, ಒಂದೇ ಉಸಿರಿಗೆ ಕೂಗಿದೆ.

ಡೇರೆಯ ಮೂಲೆಯಿಂದ ಒಣಗಿದ ನುಗ್ಗೇಕಾಯಿಯ ಹಾಗಿದ್ದ ಒಬ್ಬರು ಎದ್ದು ಬಂದರು. ಮುಖ ಅರಳಿತ್ತು. ನನ್ನ ಕೈ ಎರಡನ್ನೂ ಹಿಡಿದುಕೊಂಡು ಅವರ ಭಾಷೆಯಲ್ಲಿ ಏನೇನೋ ಹೇಳಿದರು. ನನಗೆ ಅರ್ಥವಾಗಲಿಲ್ಲ ಅಂತ ತಿಳಿದ ಮೇಲೆ ಇಂಗ್ಲಿಷಿಗೆ ಬಂದರು. “ಈ ದೇಶಕ್ಕೆ ಬಂದಾಗಿನಿಂದ ನನ್ನ ಹೆಸರನ್ನು ಸರಿಯಾಗಿ ಕರೆದವರು ನೀವೊಬ್ಬರೇ. ಚಿಕ್ಕಂದಿನಲ್ಲೇ ಇಲ್ಲಿಗೆ ಬಂದುಬಿಟ್ಟಿರಾ? ನಮ್ಮ ಫಿನ್‌ಲ್ಯಾಂಡಿನಲ್ಲಿ ನಿಮ್ಮದು ಯಾವ ಊರು?”

ಅಷ್ಟು ಸಂತೋಷದಲ್ಲಿದ್ದವರ ಮನಸ್ಸು ನೋಯಿಸಬಾರದು ಅಂತ, “ಸ್ವಲ್ಪ ದಕ್ಷಿಣಕ್ಕೆ” ಅಂದೆ.

ಅಂಗಿ

ಅದೇ ಓಟಕ್ಕೆ ನಮ್ಮವರೊಬ್ಬರೂ ಇದ್ದರು. ನ್ಯೂಯಾರ್ಕ್ ಕಡೆಯ ಹಿಕ್ಸ್‌ವಿಲ್‌ನಲ್ಲಿ, ರೈಲ್ವೆ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿರುವ ಅಂಕಲ್, ಮಂಗಳೂರು ಕಡೆಯವರು. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಡಾಕ್ಟರು ದಿನಾ ನಡೆಯಿರಿ ಅಂದರಂತೆ. “ನಡೆದು ನಡೆದು ಬೋರಾಯ್ತು ಮಾರಾಯ್ತಿ, ಓಡ್ಲಿಕ್ಕೆ ಶುರು ಮಾಡಿದೆ” ಅಂದರು. ಡಾಕ್ಟರು ಹೌಹಾರಿ ಎಲ್ಲ ಟೆಸ್ಟನ್ನೂ ಮಾಡಿಸಿ, ಕೊನೆಗೆ ಒಪ್ಪಿಗೆ ಕೊಟ್ಟರಂತೆ. ಬದುಕಿಡೀ ಒಲೆ ಮುಂದೆ ನಿಂತ ಮನುಷ್ಯ. ಒಂದು ಪದಕ ಕುತ್ತಿಗೆಗೆ ಬೀಳಬೇಕು ಅನ್ನುವ ಆಸೆ ಅವರಿಗೆ ಈ ವಯಸ್ಸಿನಲ್ಲಿ ಹುಟ್ಟಿತ್ತು.

ಅವರು ಹಾಕಿಕೊಂಡು ಬಂದದ್ದು ಹೋಟೆಲಿನ ಟೀ ಶರ್ಟು. ಎದೆ ತುಂಬ ಹೋಟೆಲ್ ಹೆಸರು, ಕೆಳಗೆ ಫೋನ್ ನಂಬರು, ಅದರ ಕೆಳಗೆ ಇಂಗ್ಲಿಷಿನಲ್ಲಿ ದಪ್ಪಕ್ಕೆ ‘ಫ್ರೀ ಡೆಲಿವರಿ’.

“ಅಂಕಲ್, ಜಾಹೀರಾತು ಇರೋ ಅಂಗಿ ಹಾಕೋ ಹಾಗಿಲ್ಲ. ಬೇರೆ ಇಲ್ವಾ?”

“ಉಂಟು. ಅದ್ರಲ್ಲಿಯೂ ಇದೇ ಉಂಟು.”

ಟೇಪ್ ತಂದು ಅಂಟಿಸತೊಡಗಿದೆ. ಹೆಸರು ಮುಚ್ಚಿದೆ, ಫೋನ್ ನಂಬರು ಮುಚ್ಚಿದೆ, ಟೇಪ್ ಮುಗಿದೇ ಹೋಯಿತು. ಮೇಲ್ವಿಚಾರಕಿ ಬಂದು ನೋಡಿ, ಕಂಪನಿ ಹೆಸರಿಲ್ಲವಲ್ಲ, ಇದು ಜಾಹೀರಾತಲ್ಲ, ಪರವಾಗಿಲ್ಲ ಅಂದುಬಿಟ್ಟಳು. ಹಾಗೆ ಅಂಕಲ್ ಅಂತರರಾಷ್ಟ್ರೀಯ ಮೈದಾನಕ್ಕೆ ಎದೆ ಮೇಲೆ ‘ಫ್ರೀ ಡೆಲಿವರಿ’ ಹೊತ್ತುಕೊಂಡು ಇಳಿದರು. ಓಟಗಾರರನ್ನು ಶುರುವಿನ ಗೆರೆಗೆ ಮುಟ್ಟಿಸುವುದೂ ನನ್ನದೇ ಕೆಲಸ, ನಾನೂ ಹಿಂದೆ ಹೋದೆ.

ಮೈಕಿನವನಿಗೆ ಇಷ್ಟು ಸಾಕಿತ್ತು. “ನಾಲ್ಕನೇ ಲೇನಿನಲ್ಲಿ, ನ್ಯೂಯಾರ್ಕಿನಿಂದ, ಮಿಸ್ಟರ್ ಫ್ರೀ ಡೆಲಿವರಿ!” ಜನ ಹೋ ಅಂದರು. ಅಂಕಲ್ ಮದುವೆ ಗಂಡಿನ ಹಾಗೆ ಎಲ್ಲರಿಗೂ ಕೈ ಮುಗಿದರು. ಬೇಲಿ ಪಕ್ಕದಲ್ಲಿದ್ದ ಒಬ್ಬಾಕೆ ನನ್ನನ್ನು ಕರೆದು ತುಂಬ ಗಂಭೀರವಾಗಿ, “ಅವರು ಇಲ್ಲಿ ನ್ಯೂಜೆರ್ಸಿಗೆ, ಹೋಬೋಕನ್‌ಗೂ ಡೆಲಿವರಿ ಮಾಡ್ತಾರಾ?” ಅಂತ ಕೇಳಿದಳು.

ನಾನು ಹೋಗಿ ಅಂಕಲ್‌ಗೆ ಹೇಳಿದೆ. ಅವರು ಸ್ಟಾರ್ಟಿಂಗ್ ಬ್ಲಾಕಿಗೆ ಕಾಲು ಕೊಡುತ್ತಲೇ ಅಂದರು: “ಮಾಡುವ. ಹಡ್ಸನ್ ನದಿ ದಾಟುವ ಟೋಲ್ ಮಾತ್ರ ಅವರದ್ದು.”

ನಿಧಾನ

ನೂರು ಮೀಟರ್ ಶುರುವಾಗುವ ಮುಂಚೆ ಒಂದು ಕ್ಷಣ ಬರುತ್ತದೆ. ಸ್ಟಾರ್ಟರ್ ‘ಸೆಟ್’ ಅನ್ನುತ್ತಾನೆ. ಎಲ್ಲರೂ ಸೊಂಟ ಮೇಲೆತ್ತಿ ಕಲ್ಲಾಗುತ್ತಾರೆ. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಉಸಿರು ಹಿಡಿದುಕೊಳ್ಳುತ್ತದೆ.

ಆ ಕ್ಷಣದಲ್ಲಿ ಸ್ಟ್ಯಾಂಡಿನಿಂದ ಒಂದು ಹೆಣ್ಣು ದನಿ ಅಚ್ಚ ಕನ್ನಡದಲ್ಲಿ ಮೊಳಗಿತು: “ರೀ! ನಿಧಾನ ಓಡಿ ಆಯ್ತಾ!”

ಅಂಕಲ್ ಅಭ್ಯಾಸಬಲದಿಂದ ಎದ್ದು ನಿಂತು, “ಆಯ್ತು ಮಾರಾಯ್ತಿ!” ಅಂದರು. ಉಳಿದ ಏಳೂ ಜನ ತಬ್ಬಿಬ್ಬಾಗಿ ಎದ್ದರು. ಗದ್ದಲದಿಂದ ಆದದ್ದರಿಂದ ಯಾರನ್ನೂ ಔಟ್ ಮಾಡಲಿಲ್ಲ, ನಮ್ಮ ಪುಣ್ಯ. ಸ್ಟಾರ್ಟರ್ ಒಬ್ಬ ವಯಸ್ಸಾದ ಅಮೆರಿಕನ್, ನಗುವುದೇ ಪಾಪ ಅಂದುಕೊಂಡಿದ್ದವನು. ನನ್ನನ್ನು ಹತ್ತಿರ ಕರೆದ. “ಆಕೆ ಏನಂದಳು?”

“ಅವರ ಹೆಂಡತಿ. ನಿಧಾನವಾಗಿ ಓಡಿ ಅಂದರು.”

ಆತ ಗನ್ ಕೆಳಗಿಳಿಸಿದ. “ಈ ಗನ್ ಹಿಡಿದೇ ಮುದುಕನಾದೆ. ನೂರು ಮೀಟರ್ ಓಡುವವನಿಗೆ ಇಂಥ ಸಲಹೆ ಕೊಟ್ಟಿದ್ದನ್ನು ಇವತ್ತೇ ಕೇಳಿದ್ದು. ಹೋಗಿ ಆಕೆಯನ್ನು ಸುಮ್ಮನಿರಿಸು.”

ಓಡಿ ಹೋದೆ. ಆಂಟಿ ಮೊದಲ ಸಾಲಿನಲ್ಲಿ ಕಂಬಿ ಹಿಡಿದು ಕೂತಿದ್ದರು. ಬಾಯಲ್ಲಿ ದೇವರ ಹೆಸರು. ನನಗೆ ಬೈಯಲು ಮನಸ್ಸೇ ಬರಲಿಲ್ಲ. “ಆಂಟೀ, ಡಾಕ್ಟರ್ ಓಕೆ ಅಂದಿದ್ದಾರಲ್ಲ, ಹೆದರಬೇಡಿ. ಆದರೆ ಅವರು ‘ಸೆಟ್’ ಅಂದ ಮೇಲೆ ಯಾರೂ ಶಬ್ದ ಮಾಡೋ ಹಾಗಿಲ್ಲ.”

“ಆಯ್ತಮ್ಮ, ನಾನು ಬಾಯಿ ಬಿಡುದಿಲ್ಲ” ಅಂದರು ಆಂಟಿ. “ಆ ಗನ್ನಿನ ಅಜ್ಜನಿಗೂ ಸ್ವಲ್ಪ ಹೇಳು, ಬೆಡಿ ಮೆಲ್ಲಗೆ ಹೊಡೀಲಿ ಅಂತ. ಇವರ ಹಾರ್ಟಿಗೆ ಸ್ಟೆಂಟ್ ಹಾಕಿದ್ದುಂಟಲ್ಲ.”

ಮೂರನೆಯವರು

ಮೊದಲ ಸುತ್ತಿನ ಆ ಹೀಟ್‌ನಲ್ಲಿ ಅಂಕಲ್ ಗೆದ್ದರು. ಫೈನಲ್‌ನಲ್ಲಿ ಅವರ ಪಕ್ಕದ ಲೇನಿಗೆ ಬಂದದ್ದು ಅದೇ ಫಿನ್‌ಲ್ಯಾಂಡಿನವರು.

ಅಂಕಲ್ ಮೈಕಟ್ಟಿನ ಬಗ್ಗೆ ನಾನು ಇಲ್ಲಿವರೆಗೆ ಮರ್ಯಾದೆಗೆ ಸುಮ್ಮನಿದ್ದೆ. ಈಗ ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಕಾಲು ಎರಡೂ ಕುದುರೆಯವು. ಆದರೆ ಆ ಕಾಲಿನ ಮೇಲೆ ಹೋಟೆಲಿನವರ ಹೊಟ್ಟೆ. ಅವರು ಓಡುವಾಗ ಹೊಟ್ಟೆ ಒಂದು ಹೆಜ್ಜೆ ಮುಂದೆ ಹೋಗಿ ದಾರಿ ತೋರಿಸುತ್ತಿತ್ತು.

ಗನ್ ಹೊಡೆಯಿತು. ಇಬ್ಬರು ಮುಂದೆ ನುಗ್ಗಿದರು, ಮೊದಲೆರಡು ಸ್ಥಾನ ಅವರದೇ ಅಂತ ಅರ್ಧ ದಾರಿಯಲ್ಲೇ ಗೊತ್ತಾಯಿತು. ಮೂರನೆಯದಕ್ಕೆ ಅಂಕಲ್ ಮತ್ತು ಫಿನ್‌ಲ್ಯಾಂಡಿನವರು ಭುಜಕ್ಕೆ ಭುಜ ಕೊಟ್ಟು ಬಂದರು. ಆಂಟಿ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಗೆರೆ ಹತ್ತಿರ ಬಂದಾಗ ಫಿನ್‌ಲ್ಯಾಂಡಿನವರು ಕೊಕ್ಕರೆ ಮೀನಿಗೆ ಚಾಚಿದ ಹಾಗೆ ಕತ್ತು ಚಾಚಿದರು. ಅಂಕಲ್ ಏನೂ ಚಾಚಲಿಲ್ಲ. ಇದ್ದ ಹಾಗೇ ಬಂದರು.

ಯಾರು ಮೂರನೆಯವರು ಅಂತ ಕಣ್ಣಿಗೆ ಗೊತ್ತಾಗಲಿಲ್ಲ. ಫೋಟೋ ತೆಗೆದು ನೋಡಬೇಕಾಯಿತು. ಪರದೆಯ ಮುಂದೆ ರೆಫರಿ, ಹಿಂದೆ ಏದುಸಿರು ಬಿಡುತ್ತಾ ಇಬ್ಬರು ಓಟಗಾರರು, ಅವರ ಹಿಂದೆ ನಾನು. ಬೇಲಿ ಸಂದಿಯಲ್ಲಿ ಹೇಗೋ ಒಳಗೆ ಬಂದಿದ್ದ ಆಂಟಿ.

“ನೋಡಿ, ನನ್ನ ಮೂಗು ಮುಂದಿದೆ” ಅಂದರು ಫಿನ್‌ಲ್ಯಾಂಡಿನವರು. ಮುಂದೇ ಇತ್ತು.

“ಮೂಗು ಲೆಕ್ಕಕ್ಕಿಲ್ಲ ಸರ್,” ಅಂದ ರೆಫರಿ. “ತಲೆ, ಕತ್ತು, ಕೈ, ಕಾಲು ಯಾವುದೂ ಇಲ್ಲ. ಮುಂಡ, ಅಂದರೆ ಎದೆ ಹೊಟ್ಟೆ, ಮೊದಲು ಗೆರೆ ಮುಟ್ಟಬೇಕು.” ಪರದೆಯ ಮೇಲೆ ಒಂದು ಕೆಂಪು ಗೆರೆಯನ್ನು ಮೆಲ್ಲಗೆ ಎಳೆದುಕೊಂಡು ಬಂದ. ಅದು ಹೋಗಿ ನಿಂತಿತು, ಅಂಕಲ್ ಹೊಟ್ಟೆಯ ತುದಿಗೆ. ಫಿನ್‌ಲ್ಯಾಂಡಿನವರ ಎದೆ ಇನ್ನೂ ಒಂದು ಗೇಣು ಹಿಂದಿತ್ತು. “ಮೂರನೇ ಸ್ಥಾನ ಇವರದು.”

ಅಂಕಲ್ ಮೆಲ್ಲಗೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ಕ್ಲಾಸಿಗೇ ಫಸ್ಟ್ ಬಂದ ಮಗನ ತಲೆ ಸವರುವ ಹಾಗೆ ಸವರಿದರು.

“ಕರಗಿಸಿ, ಕರಗಿಸಿ ಅಂತ ಬಾಯಿ ಬಡ್ಕೊಳ್ತಿದ್ದೆಯಲ್ಲ,” ಅಂದರು ಆಂಟಿಗೆ. “ನಿನ್ನ ಮಾತು ಕೇಳಿದ್ದಿದ್ರೆ ಇವತ್ತು ನಾಲ್ಕನೆಯವನು!”

ಆಂಟಿ ನಗುತ್ತಾ ಅಳುತ್ತಾ ಅವರ ಎದೆಗೆ ಕಿವಿಯಿಟ್ಟು, ಡಬ ಡಬ ಸರಿಯಾಗಿದೆಯೋ ಇಲ್ಲವೋ ಅಂತ ಕೇಳಿಸಿಕೊಂಡರು. ಪದಕ ಹಾಕಿದಾಗ ಅದು ಎಲ್ಲರ ಕುತ್ತಿಗೆಯಲ್ಲಿ ತೂಗಾಡುವ ಹಾಗೆ ತೂಗಾಡಲಿಲ್ಲ. ಹೊಟ್ಟೆಯ ಮೇಲೆ ಅಂಗಾತ ಮಲಗಿತು.

ಫಿನ್‌ಲ್ಯಾಂಡಿನವರು ದೊಡ್ಡ ಮನುಷ್ಯ. ಕೈ ಕುಲುಕಿದರು. ಆದರೆ ಹೋಗುವ ಮುಂಚೆ ಅಂಕಲ್‌ರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದರು: “ನೀವು ಏನು ತಿನ್ನುತ್ತೀರಿ?”

ಮಾರನೆಯ ದಿನ ವಿಮಾನಕ್ಕೆ ಹೋಗುವ ದಾರಿಯಲ್ಲಿ ಫಿನ್‌ಲ್ಯಾಂಡಿನವರನ್ನು ಅಂಕಲ್ ತಮ್ಮ ಹೋಟೆಲಿಗೆ ಕರೆಸಿಕೊಂಡರು. ನಾನೂ ನಮ್ಮ ಯಜಮಾನರೂ ಹೋಗಿದ್ದೆವು. ಮೇಜಿನ ಮೇಲೆ ನೀರ್ ದೋಸೆ, ಕಾಯಿಹಾಲು, ಬನ್ಸು, ಗೋಳಿಬಜೆ. ಅಂಕಲ್ ಎದುರಿಗೆ ನಿಂತು ಕೋಚಿನ ಹಾಗೆ ಒಂದೊಂದನ್ನೇ ವಿವರಿಸುತ್ತಿದ್ದರು. ಪಾಪ, ಫಿನ್‌ಲ್ಯಾಂಡಿನವರು ಬೆವರೊರೆಸಿಕೊಳ್ಳುತ್ತಾ ತಿಂದರು, ತಿಂದರು, ಕೊನೆಗೆ ಎರಡೂ ಕೈ ಮೇಲೆತ್ತಿ ಸಾಕು ಅಂದು ಎದ್ದೇಬಿಟ್ಟರು.

ಆಂಟಿ ಒಳಗಿನಿಂದ ಇನ್ನೊಂದು ತಟ್ಟೆ ಬನ್ಸ್ ಹಿಡಿದುಕೊಂಡು ಬಂದರು. ಎದ್ದು ನಿಂತವರನ್ನು ನೋಡಿ ಅವರಿಗೆ ನಿಜಕ್ಕೂ ಬೇಜಾರಾಯಿತು. ನನ್ನ ಕಡೆ ತಿರುಗಿ ಅಂದರು:

“ಅವರಿಗೆ ಸ್ವಲ್ಪ ಇಂಗ್ಲಿಷಲ್ಲಿ ಬಿಡಿಸಿ ಹೇಳಮ್ಮಾ. ಹೀಗೆ ಅರ್ಧಕ್ಕೇ ಎದ್ರೆ ಬರುವ ವರ್ಷವೂ ನಾಲ್ಕನೆಯವರೇ ಅಂತ.”