ಕೆಂಪು ಬರೋವರೆಗೂ ಭಟ್ಟಿ ಬಿಡಲ್ಲ

ಶಿರಾದಲ್ಲಿ ಮಳೆ ಬರದ ವರ್ಷ ಇದ್ದೀತು, ನನ್ನ ಭಟ್ಟಿ ಮುಂದೆ ಬುದ್ಧಿ ಹೇಳಲು ಜನ ಬರದ ವಾರವಿಲ್ಲ. ನನ್ನದು ಮೀನಾ ಕೆಲಸ. ಬಣ್ಣದ ಗಾಜನ್ನು ಅರೆದು, ತಾಮ್ರದ ತಗಡಿನ ಮೇಲೆ ತುಂಬಿ, ಬೆಂಕಿಯಲ್ಲಿ ಕರಗಿಸಿ ಚಿತ್ರ ಮಾಡುವುದು. ಅಜ್ಜ ಮಾಡಿದರು, ಅಬ್ಬಾ ಮಾಡಿದರು. ಅಬ್ಬಾ ತೀರಿಕೊಂಡ ಮೇಲೆ ಭಟ್ಟಿಯ ಕೋಣೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡಬೇಕೆಂದು ಅಣ್ಣನ ಆಸೆ. "ಹೆಣ್ಮಕ್ಳಿಗ್ಯಾಕೆ ಬೆಂಕಿ ಕೆಲ್ಸ?" ಎಂದ. ದಿನಾ ಮೂರು ಹೊತ್ತು ಒಲೆ ಮುಂದೆ ಕೂರಿಸುವಾಗ ಯಾರಿಗೂ ಈ ಕರುಣೆ ಹುಟ್ಟಿರಲಿಲ್ಲ.

ಮೇಷ್ಟ್ರ ಡಿಗ್ರಿ

ಕೊರಟಗೆರೆಯ ಮೇಷ್ಟ್ರೊಬ್ಬರು ನೇಮ್ ಪ್ಲೇಟ್ ವಿಚಾರಿಸಲು ಬಂದರು. ಪೇಂಟಿನಲ್ಲಿ ಬರೆಸಿದ್ದ ಹೊಸ ಹಲಗೆಯೂ ಕೈಯಲ್ಲಿತ್ತು.

"ಪೇಂಟಿನೋನು ಒಂದೇ ದಿನದಲ್ಲಿ ಕೊಟ್ಬುಟ್ಟ ಕಣಮ್ಮ. ನಿಂಗ್ಯಾಕೆ ಒಂದು ವಾರ?"

ತೆಂಗಿನ ನಾರಿಗೆ ಸೋಪು ಹಚ್ಚಿ ಮೊದಲು ನಾನು ಮಾಡಿಟ್ಟಿದ್ದ ಮೀನಾ ಫಲಕ ಉಜ್ಜಿದೆ. ಇನ್ನಷ್ಟು ಹೊಳೆಯಿತು. ಆಮೇಲೆ ಅವರದ್ದು ಉಜ್ಜಿದೆ. ಎಂ.ಎ. ಹೋಯಿತು.

ಮೇಷ್ಟ್ರು ಗಾಬರಿಯಿಂದ ಹಲಗೆ ಕಿತ್ತುಕೊಂಡರು. "ನಿಲ್ಸಮ್ಮಾ! ಬಿ.ಎಡ್. ಆದ್ರೂ ಉಳೀಲಿ!"

ಮಾಡರ್ನ್ ಆರ್ಟು

ಮಧುಗಿರಿಯಲ್ಲಿ ಕರಕುಶಲ ಪ್ರದರ್ಶನ. ಆಯ್ಕೆ ಮಾಡಲು ಬಂದ ಸಾಹೇಬರು ನಾನು ಮಾಡಿದ್ದ ಮೀನಾ ನವಿಲನ್ನು ಪಕ್ಕಕ್ಕೆ ಸರಿಸಿದರು. "ಇದೆಲ್ಲ ಹಳೇದಾಯ್ತಮ್ಮ. ಮಾಡರ್ನ್ ಆಗಿ ಏನಾದ್ರೂ ಇದ್ಯಾ?"

ಮೈ ಉರಿದುಹೋಯಿತು. ಚೀಲದ ತಳದಲ್ಲಿದ್ದ ಅಜ್ಜನ ತಗಡು ತೆಗೆದಿಟ್ಟೆ. ಯಾವ ಬಣ್ಣ ಸುಟ್ಟ ಮೇಲೆ ಹೇಗೆ ಬರುತ್ತದೆಂದು ನೋಡಿಕೊಳ್ಳಲು ಅವರು ಅಲ್ಲಲ್ಲಿ ಚೂರುಚೂರು ಹಚ್ಚಿದ್ದ ತಗಡು ಅದು.

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಆಹಾ, ಎಂಥ ಹೊಸತನ! ಕಲಾವಿದರಿಗೆ ವಯಸ್ಸೆಷ್ಟು?"

"ಬದುಕಿದ್ದಿದ್ರೆ ನೂರು ದಾಟಿರೋದು ಸಾರ್."

ಅವರು ಒಮ್ಮೆ ಕೆಮ್ಮಿದರು. "ನವಿಲೂ ಇರ್ಲಿ ಬಿಡಮ್ಮ."

ಜಿಲೇಬಿ

ಕೊನೆಗೆ ಅಣ್ಣ ಪಂಥ ಕಟ್ಟಿದ. ಮೀನಾದಲ್ಲಿ ಎಲ್ಲಕ್ಕಿಂತ ಕಷ್ಟದ ಬಣ್ಣ ಕೆಂಪು, ಬೆಂಕಿ ಒಂಚೂರು ಹೆಚ್ಚಾದರೂ ಕೆಡುತ್ತದೆ.

"ಅಬ್ಬಾ ತೆಗೀತಿದ್ದಂಗೆ ಕೆಂಪು ತೆಗೆದು ತೋರ್ಸು. ಬಂದ್ರೆ ಕೋಣೆ ನಿಂದು. ಇಲ್ಲಾಂದ್ರೆ ನಾಳೆಯಿಂದ ಮೊಬೈಲ್ ಅಂಗಡಿ."

"ಆಗ್ಲಿ" ಎಂದೆ. ಸೋಲುವ ಮಾತೇ ನನ್ನ ತಲೆಯಲ್ಲಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿದ್ದನ್ನು ಅವನಿಗೆ ತೋರಿಸಲಿಲ್ಲ.

ಅಣ್ಣ ಆ ಅಂಗಡಿಯವನನ್ನು ಕರೆದುಕೊಂಡು, ಗೆದ್ದ ಖುಷಿಗೆ ಹಂಚಲು ಜಿಲೇಬಿಯನ್ನೂ ಮೊದಲೇ ಕಟ್ಟಿಸಿಕೊಂಡು ಬಂದ. ನಾನು ಇಕ್ಕಳದಿಂದ ತಗಡು ಹೊರಗೆಳೆದೆ. ಇದ್ದಿಲಿನಂತೆ ಕಪ್ಪಗಿತ್ತು.

"ಕರಕಲಾಗೋಯ್ತು!" ಅಣ್ಣ ಕುಣಿದಾಡಿಬಿಟ್ಟ.

ಬಿಸಿಯಲ್ಲಿ ಕೆಂಪು ಕಪ್ಪಗೇ ಕಾಣುತ್ತದೆ, ಆರಿದ ಮೇಲೆ ಬಣ್ಣ ತಿರುಗುತ್ತದೆ. ಒಂದು ದಿನವೂ ಭಟ್ಟಿ ಮುಂದೆ ಕೂರದವನಿಗೆ ಅದು ಹೇಗೆ ಗೊತ್ತಾಗಬೇಕು? ನಾನೂ ಹೇಳಲಿಲ್ಲ. ಅವನು ಎಲ್ಲರಿಗೂ ಜಿಲೇಬಿ ಹಂಚಿದ. ವರ್ಷಗಟ್ಟಲೆ ಅಬ್ಬಾ ಪಕ್ಕದಲ್ಲಿ ಕೂತು ಗಾಜು ಅರೆದಿದ್ದ ಅಮ್ಮಿ ಎರಡು ತೆಗೆದುಕೊಂಡಳು.

ತಿಂದು ಮುಗಿಸುವ ಹೊತ್ತಿಗೆ ತಗಡು ದಾಳಿಂಬೆ ಕಾಳಿನ ಹಾಗೆ ಕೆಂಪಾಗಿತ್ತು. ಅಣ್ಣ ಖಾಲಿ ಪೊಟ್ಟಣ ಹಿಡಿದುಕೊಂಡು ತಗಡನ್ನೇ ಬಗ್ಗಿ ನೋಡಿದ.

ಅಮ್ಮಿ ಬೆರಳು ಚೀಪುತ್ತಾ ಅವನಿಗೆ ಅಂದಳು: "ಒಳ್ಳೇ ಕೆಲ್ಸ ಮಾಡ್ದೆ ಬೇಟಾ. ತಂಗಿ ಗೆದ್ದಿದ್ದಕ್ಕೆ ಇಷ್ಟು ಬೇಗ ಮಿಠಾಯಿ ಹಂಚೋ ಅಣ್ಣ ಎಲ್ಲಿ ಸಿಗ್ತಾನೆ?"