ಬಿರುದು ಹೇಳುವ ಮೀಟರುಗಳು

ಬಹಳ ಹಿಂದೆ ಒಂದು ರಾಜ್ಯವಿತ್ತು ಎಂದೇ ಶುರು ಮಾಡಬೇಕು. ಆದರೆ ಆ ಹೊತ್ತಿಗೆ ಅಲ್ಲಿ ಅಚ್ಚಮ್ಮ ಗಂಡನ ಪಂಚೆಗೆ ಅರ್ಧ ಸೋಪು ಹಚ್ಚಿಯಾಗಿತ್ತು. ರಾಜ್ಯ ಕಾಯಬಹುದು, ನೆನೆದ ಪಂಚೆ ಕಾಯುವುದಿಲ್ಲ.

ಅವಳು ಪಂಚೆಯನ್ನೆತ್ತಿ ಒಗೆಯುವ ಕಲ್ಲಿಗೆ ಬಡಿದಳು. ಬಡಿತಕ್ಕೆ ಒಂದು ಪದ ತಾನಾಗಿ ಬಂತು.

"ನೂರೆಂಟು," ಎಂದಳು. ಮತ್ತೆ ಬಡಿದಳು. "ಕೆರೆಗಳ." ಇನ್ನೊಮ್ಮೆ. "ಒಡೆಯ."

ಹಿತ್ತಿಲ ಬಾಗಿಲಲ್ಲಿ ಕಿವಿಯೊಡ್ಡಿ ನಿಂತಿದ್ದ ಅವಳ ಗಂಡ ಚಿದಂಬರ ಪಂಡಿತರು ಕೆಮ್ಮಿದರು. "ಏನಂದೆ?"

"ಪಂಚೆ ಸವೆದಿದೆ ಅಂದೆ."

"ಅದಲ್ಲ. ಅದಕ್ಕೆ ಮುಂಚೆ."

"ನೂರೆಂಟು ಕೆರೆಗಳ ಒಡೆಯ."

"ಹ್ಞೂಂ. ನಾನೂ ಅದನ್ನೇ ಯೋಚಿಸ್ತಾ ಇದ್ದೆ," ಎಂದು ಪಂಡಿತರು ಒಳಗೆ ಹೋದರು.

ಇನ್ನು ರಾಜ್ಯದ ವಿಷಯ. ಅದರ ಹೆಸರು ಬಿಂದಿಗೆಪುರ, ಅರಸರು ಉತ್ಫುಲ್ಲವರ್ಮ ಮಹಾರಾಜರು, ಪಂಡಿತರು ಆಸ್ಥಾನದ ಬಿರುದು ವಿದ್ವಾಂಸರು. ಮಹಾರಾಜರಿಗೆ ಹೊಸ ಬಿರುದು ಕಟ್ಟುವುದು, ಕಟ್ಟಿದ್ದನ್ನು ಸಭೆಯಲ್ಲಿ ಕೂಗುವುದು ಅವರ ಉದ್ಯೋಗ. ಆ ರಾಜ್ಯದ ಪದ್ಧತಿಯ ಪ್ರಕಾರ ಮಹಾರಾಜರ ಎದುರು ಮಂತ್ರಿಗಳ ಹೊರತು ಯಾರೇ ಬಾಯಿ ತೆರೆದರೂ ಮೊದಲು ಬಿರುದು ಹೇಳಿ, ಆಮೇಲೆ ವಿಷಯ ಹೇಳಬೇಕು. ಬೆಂಕಿ ಬಿದ್ದಿದೆ ಎಂದು ಓಡಿ ಬಂದವನಿಗೂ ವಿನಾಯಿತಿ ಇರಲಿಲ್ಲ. ಹಾಗಾಗಿ ಅರಮನೆಗೆ ಯಾವತ್ತೂ ಬೆಂಕಿಯ ಸುದ್ದಿ ಮುಟ್ಟುತ್ತಿರಲಿಲ್ಲ, ಬೂದಿಯ ಸುದ್ದಿ ಮುಟ್ಟುತ್ತಿತ್ತು.

ಬಿರುದುಗಳನ್ನು ಕಟ್ಟುತ್ತಿದ್ದವಳು ಅಚ್ಚಮ್ಮ ಎಂಬುದು ಪಂಡಿತರಿಗೂ ಗೊತ್ತಿರಲಿಲ್ಲ. ತಮಗೆ ಹೊಳೆಯಬೇಕಾದದ್ದು ಹೆಂಡತಿಯ ಬಾಯಲ್ಲಿ ಒಂದು ಕ್ಷಣ ಮುಂಚೆ ಬಂದುಬಿಡುತ್ತದೆ, ಅಷ್ಟೇ ಎಂದು ಅವರು ನಂಬಿದ್ದರು. ಅಚ್ಚಮ್ಮನೂ ಅದನ್ನು ದೊಡ್ಡದು ಮಾಡಿರಲಿಲ್ಲ. ಸಾರು ಮಾಡಿದವಳು ಒಬ್ಬಳು, ನಮ್ಮನೆ ಸಾರು ಎನ್ನುವವರು ಎಲ್ಲರೂ. ಇದೂ ಹಾಗೆಯೇ ಎಂದುಕೊಂಡಿದ್ದಳು. ಬಿರುದು ನಿಜವಾಗಿರಬೇಕೆಂಬ ನಿಯಮವೂ ಇರಲಿಲ್ಲ. ರಾಜ್ಯದಲ್ಲಿದ್ದದ್ದು ಮೂರು ಕೆರೆ. ಅದರಲ್ಲೊಂದನ್ನು ಮುಚ್ಚಿ ಜಲ ಇಲಾಖೆಯ ಕಚೇರಿ ಕಟ್ಟಲಾಗಿತ್ತು.

ಮನೆಮನೆಯ ಹಿತ್ತಿಲಲ್ಲೂ ಒಗೆಯುವ ಕಲ್ಲಿನ ಪಕ್ಕ ಒಂದು ನೀರಿನ ಮೀಟರು. ತಿಂಗಳಿಗೊಮ್ಮೆ ಇಲಾಖೆಯ ಹೆಂಗಸೊಬ್ಬಳು ಬಂದು, ಬಗ್ಗಿ, ಸೆರಗಿನಿಂದ ಗಾಜು ಒರೆಸಿ, ಎಷ್ಟು ಕೊಡ ನೀರು ಹರಿದಿದೆ ಎಂದು ಓದಿಕೊಂಡು, ಮಜ್ಜಿಗೆ ಕುಡಿದು ಹೋಗುತ್ತಿದ್ದಳು. ಜಲಮಂತ್ರಿ ಹೌದಪ್ಪರಾಯರಿಗೆ ಇದು ನಾಚಿಕೆಗೇಡೆನಿಸಿತು.

"ಪ್ರಭು, ಬಗ್ಗಿ ಓದುವುದು ಹಳೆಯ ಕಾಲದ ಆಡಳಿತ. ಬೀದಿಯಲ್ಲಿ ನೆಟ್ಟಗೆ ನಿಂತು, ಕೈಯಲ್ಲಿ ಪೋರ್ಟಬಲ್ ರೇಡಿಯೊ ಹಿಡಿದು, ಮೀಟರನ್ನೇ ಮಾತಾಡಿಸುವುದು ಸ್ಮಾರ್ಟ್ ಆಡಳಿತ," ಎಂದರು.

ಯಾವತ್ತೂ ಬಗ್ಗಿ ಗೊತ್ತಿಲ್ಲದ ಮಹಾರಾಜರಿಗೆ ಮಾತು ಹಿಡಿಸಿತು. ರೇಡಿಯೊ ಬಂತು. ಇಟ್ಟಿಗೆಯಷ್ಟು ದೊಡ್ಡದು, ತಲೆಯ ಮೇಲೊಂದು ಕಡ್ಡಿ. ಅದನ್ನು ತಂದ ಯಂತ್ರಾಧಿಕಾರಿ ಜಿನದತ್ತ ಸಭೆಯಲ್ಲಿ ಬಿರುದು ಹೇಳಿ ಮುಗಿಸಿ ವಿವರಿಸಿದ: "ಇಲ್ಲಿ ಬ್ಯಾಟರಿ ಹಾಕಬೇಕು. ಈ ಆಂಟೆನಾ ಎಳೀಬೇಕು. ಈ ಗುಂಡಿ ಒತ್ತಿದರೆ ಸುತ್ತಲಿನ ಮೀಟರು ಎಚ್ಚರಾಗಿ ತನ್ನ ಲೆಕ್ಕ ಹೇಳ್ತದೆ. ಅದರ ಬಾಯಿಂದ ಮೊದಲು ಬಂದ ಅಂಕಿಯನ್ನ ರೇಡಿಯೊ ಹಿಡಿದು ನೇರ ಖಜಾನೆಯ ಡ್ಯಾಶ್‌ಬೋರ್ಡಿಗೆ ಕಳಿಸ್ತದೆ. ನಡುವೆ ಮನುಷ್ಯರ ಕೈ ಇಲ್ಲ."

"ತಲೆ?" ಎಂದರು ಮಹಾರಾಜರು.

"ಅದೂ ಇಲ್ಲ, ಪ್ರಭು," ಎಂದು ಹೌದಪ್ಪರಾಯರು ಹೆಮ್ಮೆಯಿಂದ ಉತ್ತರಿಸಿದರು.

ಜಿನದತ್ತ ಗುಂಡಿ ಒತ್ತಿದ. ಪೀಠದ ಮೇಲೆ ಇಟ್ಟಿದ್ದ ಮಾದರಿ ಮೀಟರು ಸಣ್ಣ ದನಿಯಲ್ಲಿ ಹೇಳಿತು: "ಹದಿನೇಳು."

ಸಭೆ ಬೆವರಿತು.

"ಬರೀ ಹದಿನೇಳಂತೆ," ಎಂದು ಹಿರಿಯ ಆಸ್ಥಾನಿಕರೊಬ್ಬರು ಪಕ್ಕದವರ ಕಿವಿಯಲ್ಲಿ ಉಸುರಿದರು. "ಯಾರೆದುರು ನಿಂತು ಹೇಳ್ತಾ ಇದ್ದೀನಿ ಅನ್ನೋ ಜ್ಞಾನ ಬೇಡವೆ?"

"ನಮಗೇನೂ ಬೇಸರವಿಲ್ಲ," ಎಂದರು ಮಹಾರಾಜರು. ಅವರು ಹಾಗೆ ಹೇಳಿದಾಗಲೆಲ್ಲ ಯಾರಾದರೊಬ್ಬರ ಕೆಲಸ ಹೋಗುತ್ತಿತ್ತು. ಹೌದಪ್ಪರಾಯರು ಕೂಡಲೇ ಎದ್ದು ನಿಂತು ರಾಜಾಜ್ಞೆಯ ಕರಡನ್ನು ಬಾಯಲ್ಲೇ ಹೇಳಿದರು: ಇನ್ನು ಮುಂದೆ ಸಮಸ್ತ ಮೀಟರುಗಳೂ ಲೆಕ್ಕ ಹೇಳುವ ಮುನ್ನ ಮಹಾರಾಜರ ಒಂದು ಬಿರುದು ಹೇಳತಕ್ಕದ್ದು. ಬ್ಯಾಟರಿಯ ಹಿತದೃಷ್ಟಿಯಿಂದ ಒಂದೇ ಸಾಕು. ಅದು ಹೊಚ್ಚಹೊಸ ಬಿರುದಾದ 'ನೂರೆಂಟು ಕೆರೆಗಳ ಒಡೆಯ' ಎಂಬುದಾಗಿರತಕ್ಕದ್ದು.

ಚಿದಂಬರ ಪಂಡಿತರ ಎದೆ ಉಬ್ಬಿತು. ಜಿನದತ್ತನ ಎದೆ ಧಸಕ್ಕೆಂದಿತು. "ಆದರೆ ರೇಡಿಯೊ ಮೊದಲು ಬಂದ ಅಂಕಿಯನ್ನೇ..." ಎಂದು ಶುರು ಮಾಡಿದ.

"ಬಿರುದು ಹೇಳಿ ಮಾತಾಡಯ್ಯ," ಎಂದರು ಹೌದಪ್ಪರಾಯರು.

ಅವನು ಬಿರುದು ಹೇಳಿ ಮುಗಿಸುವಷ್ಟರಲ್ಲಿ ವಾದ್ಯದವರು ನುಡಿಸತೊಡಗಿದ್ದರು. ಅವನ ಹೆಗಲಿಗೆ ಶಾಲು ಬಿದ್ದಿತ್ತು. ಶಾಲು ಬಿದ್ದ ಮೇಲೆ ಮಾತಾಡುವ ಪದ್ಧತಿ ಆ ರಾಜ್ಯದಲ್ಲಿರಲಿಲ್ಲ.

ಇಲಾಖೆಯವರು ಮನೆಮನೆಯ ಹಿತ್ತಿಲು ಹೊಕ್ಕು ಮೀಟರುಗಳಿಗೆ ಬಿರುದು ಕಲಿಸಿದರು. ಈ ಸೆಟ್ಟಿಂಗ್ ಕೆಲಸಕ್ಕೆ 'ಮೀಟರು ಅಕ್ಷರಾಭ್ಯಾಸ' ಎಂದು ಹೆಸರಾಯಿತು. ಪ್ರತಿ ಮೀಟರಿನ ಮುಂದೂ ತಟ್ಟೆಯಲ್ಲಿ ಅಕ್ಕಿ ಹರವಿ ಅರಿಶಿನ ಕುಂಕುಮ ಇಟ್ಟರು. ಅಕ್ಕಿ ಮನೆಯವರದು.

"ನಮ್ಮ ಚೆಲುವೀಗೆ ಅಕ್ಸರಾಭ್ಯಾಸ ಮಾಡ್ಸಿ ಅಂತ ಅವಳಪ್ಪನ ಕಾಲು ಹಿಡಿದ್ನಲ್ಲ ಅಚ್ಚಮ್ನೋರೆ," ಎಂದಳು ಗೋಡೆಯಾಚೆಯಿಂದ ಪಕ್ಕದ ಮನೆಯ ದ್ಯಾವಮ್ಮ. "ಹೆಣ್ಗೆ ಯಾಕೆ ಅಂದ. ಈಗ ನೋಡಿ, ಮೀಟ್ರು ಓದ್ಕತು."

"ಚೆಲುವಿ ಹೇಗಿದಾಳೆ?"

"ದಿನ ತುಂಬೈತೆ. ಇವತ್ತೋ ನಾಳೆಯೋ."

ಮೊದಲ ಓದಿನ ದಿನ ಬಂತು. ರೇಡಿಯೊ ಕೈಯಲ್ಲಿ ಹಿಡಿಯುವಂಥದ್ದೇ. ಆದರೆ ಮಹಾರಾಜರ ಬಿರುದನ್ನು ಕೇಳಿಸಿಕೊಳ್ಳುವ ಕಿವಿಯನ್ನು ಕಂಡಕಂಡವರು ಕಂಕುಳಲ್ಲಿಟ್ಟು ತಿರುಗುವುದೆಂದರೇನು? ಅದನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಮೇಲೆ ಛತ್ರಿ ಹಿಡಿದು, ಮುಂದೆ ಕಹಳೆ ಊದಿಸಲಾಯಿತು. ಪೋರ್ಟಬಲ್ ಎಂದರೆ ಎಂಟು ಜನ ಹೊರಬಹುದಾದದ್ದು ಎಂದು ಇಲಾಖೆ ಸುತ್ತೋಲೆ ಹೊರಡಿಸಿತು. ಪಲ್ಲಕ್ಕಿ ಬೀದಿಯಲ್ಲಿ ಹೋದಂತೆ ಹಿತ್ತಿಲುಗಳಿಂದ ಮೀಟರುಗಳು ಒಂದಾದ ಮೇಲೊಂದು ಭಕ್ತಿಯಿಂದ ಹೇಳಿದವು: "ನೂರೆಂಟು ಕೆರೆಗಳ ಒಡೆಯ, ಇಪ್ಪತ್ತೊಂದು." "ನೂರೆಂಟು ಕೆರೆಗಳ ಒಡೆಯ, ಮೂವತ್ತನಾಲ್ಕು." ರೇಡಿಯೊ ತನಗೆ ಹೇಳಿಕೊಟ್ಟಂತೆ ಮೊದಲ ಅಂಕಿಯನ್ನು ಹಿಡಿದುಕೊಂಡು ಮುಂದೆ ಹೋಯಿತು.

ಆ ತಿಂಗಳು ಬಿಂದಿಗೆಪುರದ ಪ್ರತಿ ಮನೆಯೂ ನೂರೆಂಟು ಕೊಡ ನೀರು ಬಳಸಿತ್ತು. ಹತ್ತು ಜನರ ಮನೆಗೂ ನೂರೆಂಟು, ಒಂಟಿ ಮುದುಕಿಯ ಮನೆಗೂ ನೂರೆಂಟು. ಬಾಗಿಲಿಗೆ ಬೀಗ ಬಿದ್ದು ಚಾವಣಿಯಲ್ಲಿ ಅರಳಿ ಗಿಡ ಹುಟ್ಟಿದ್ದ ಮನೆಗೂ ನೂರೆಂಟು.

"ಪ್ರಭು, ಸಮಾನತೆ ಬಂದಿದೆ," ಎಂದು ಹೌದಪ್ಪರಾಯರು ವರದಿ ಒಪ್ಪಿಸಿದರು. "ನಾವು ತರಲಿಲ್ಲ. ತಾನಾಗಿ ಬಂದಿದೆ."

ಇಷ್ಟು ನೀರು ಬಳಸಿಲ್ಲವೆಂದು ದೂರಲು ಬಂದವರಿಗೆ ಇಲಾಖೆ ಜಾಗೃತಿ ಶಿಬಿರ ಏರ್ಪಡಿಸಿತು. ಮನುಷ್ಯ ತನಗರಿವಿಲ್ಲದೆ ಎಷ್ಟು ನೀರು ಕುಡಿಯುತ್ತಾನೆ ಎಂಬುದು ವಿಷಯ. ಅರಮನೆಯ ಮೀಟರು ಮಾತ್ರ ಬಿರುದು ಹೇಳುತ್ತಿರಲಿಲ್ಲ, ಮಹಾರಾಜರು ತಮ್ಮನ್ನು ತಾವೇ ಹೊಗಳಿಕೊಳ್ಳುವವರಲ್ಲವಲ್ಲ. ಹಾಗಾಗಿ ರಾಜ್ಯದಲ್ಲೆಲ್ಲ ಅದೊಂದೇ ನಿಜ ಹೇಳುತ್ತಿತ್ತು. ಅದನ್ನು ಕಳಚಿ ಉಗ್ರಾಣದಲ್ಲಿಟ್ಟರು.

ಅಷ್ಟರಲ್ಲಿ ಮಹಾರಾಜರ ಹುಟ್ಟುಹಬ್ಬ ಬಂತು. ಪಂಡಿತರು ಹಿತ್ತಿಲ ಬಾಗಿಲಿಗೆ ಬಂದು ನಿಂತರು.

"ಸ್ವಲ್ಪ ದೊಡ್ಡದು ಬೇಕು ಕಣೆ. ಅಂದ್ರೆ, ನಾನು ದೊಡ್ಡದೊಂದು ಯೋಚಿಸ್ತಾ ಇದ್ದೀನಿ."

ಅಚ್ಚಮ್ಮನ ಕೈಯಲ್ಲಿ ಜಮಖಾನೆಯಿತ್ತು. ಭಾರದ ಬಟ್ಟೆಗೆ ಭಾರದ ಪದ. ಬಡಿದಳು. "ಸಾವಿರ ತೂಬುಗಳ ಸಾರ್ವಭೌಮ."

"ಆಹಾ. ನನ್ನ ಬಾಯಲ್ಲೇ ಇತ್ತು," ಎಂದರು ಪಂಡಿತರು.

ಮೀಟರುಗಳಿಗೆ ಮತ್ತೊಮ್ಮೆ ಅಕ್ಷರಾಭ್ಯಾಸವಾಯಿತು. ತಿಂಗಳು ತುಂಬಿದಾಗ ದ್ಯಾವಮ್ಮ ನೀರಿನ ಶುಲ್ಕದ ಚೀಟಿ ಹಿಡಿದು ಬಂದಳು. ಒಂದೂವರೆ ತಿಂಗಳ ಬಾಣಂತಿ ಚೆಲುವಿ ಮನೆಯಲ್ಲಿದ್ದಳು. ಅವಳಿಗೂ ಮಗುವಿಗೂ ದಿನಾ ಹಂಡೆ ತುಂಬ ಬಿಸಿನೀರು ಬೇಕು.

"ಇದೇನು ಬರ್ದವ್ರೆ, ಓದಿ ಹೇಳಿ ಅಚ್ಚಮ್ನೋರೆ. ಬಾಣಂತಿ ಮನೆ, ನೀರು ಜಾಸ್ತಿ ಆಗೈತೆ, ಒಪ್ತೀನಿ. ಐವತ್ತು ಕೊಡ ಆಗೈತಾ?"

ಅಚ್ಚಮ್ಮ ಓದಿದಳು. "ಸಾವಿರ."

"ಸಾವ್ರ ಕೊಡ ಹುಯ್ದಿದ್ರೆ ಕೂಸು ತೇಲ್ಕೊಂಡ್ ಹೋಗ್ತಿತ್ತಲ್ಲವ್ವ," ಎಂದು ದ್ಯಾವಮ್ಮ ನಕ್ಕುಬಿಟ್ಟಳು. ಆಮೇಲೆ ನಗು ನಿಂತಿತು. "ಕಟ್ಟದಿದ್ರೆ ನಲ್ಲಿ ಕಿವಿ ಹಿಂಡಿ ಹಗ್ಗ ಕಟ್ತಾರಂತೆ. ಹಂಡೆ ಮಾರಾನ ಅಂತಿದ್ದೀನಿ."

"ಹಂಡೆ ಮಾರಿದ್ರೆ ನೀರು ಯಾವುದರಲ್ಲಿ ಕಾಯಿಸ್ತಿ?"

"ಮಾರದಿದ್ರೆ ಏನು ಕಾಯ್ಸಲಿ?"

ಅಚ್ಚಮ್ಮ ತನ್ನ ಮನೆಯ ಚೀಟಿ ತೆಗೆದು ನೋಡಿದಳು. ಸಾವಿರ. ಇಬ್ಬರಿದ್ದ ಮನೆಗೆ ಸಾವಿರ. ಹಿಂದಿನ ತಿಂಗಳದು ನೂರೆಂಟು. ಅವಳು ಚೀಟಿ ಹಿಡಿದೇ ನಿಂತಳು. ಊರಿನಲ್ಲಿ ಎಷ್ಟೋ ಜನ ಆ ಎರಡು ಅಂಕಿ ನೋಡಿದ್ದರು. ಬೈದಿದ್ದರು, ಅತ್ತಿದ್ದರು. ಆದರೆ ಯಾರಿಗೂ ಅವು ಗುರುತಿನವಾಗಿರಲಿಲ್ಲ. ಅಚ್ಚಮ್ಮನಿಗೆ ಮಾತ್ರ ಅವು ಹೆತ್ತವಳಿಗೆ ಮಕ್ಕಳ ಮುಖದ ಗುರುತು ಸಿಕ್ಕಂತೆ ಸಿಕ್ಕವು. ಒಂದು ಪಂಚೆಯ ಬಡಿತದಲ್ಲಿ ಹುಟ್ಟಿದ್ದು, ಒಂದು ಜಮಖಾನೆಯ ಬಡಿತದಲ್ಲಿ.

ಮೊದಲಿಗೆ ಅವಳಿಗೆ ಬಂದದ್ದು ಪಶ್ಚಾತ್ತಾಪವಲ್ಲ ಎಂಬುದನ್ನು ಓದುಗರು ಕ್ಷಮಿಸಬೇಕು. ಬಂದದ್ದು ಒಂದು ಬಗೆಯ ತಲೆತಿರುಗು. ತನ್ನ ಮಾತಿಗೆ ಉಪ್ಪು ಸಾಕೇ ಎಂದು ಕೇಳುವುದಕ್ಕಿಂತ ಹೆಚ್ಚಿನ ತೂಕವಿಲ್ಲವೆಂದು ತಿಳಿದುಕೊಂಡೇ ಅವಳು ಇಷ್ಟು ವರ್ಷ ಬದುಕಿದ್ದಳು. ಈಗ ನೋಡಿದರೆ ಅವಳು ಬಟ್ಟೆ ಒಗೆಯುತ್ತ ಆಡಿದ್ದು ಇಡೀ ರಾಜ್ಯದ ನಲ್ಲಿಗಳಲ್ಲಿ ಹರಿದಿತ್ತು. ಆಮೇಲೆ ಗೋಡೆಯಾಚೆ ಕೂಸು ಅತ್ತಿತು. ತಲೆತಿರುಗು ಇಳಿಯಿತು.

ದ್ಯಾವಮ್ಮ ಹಂಡೆ ಮಾರಿದಳು. ಹಂಡೆಯ ಹಣ ಸಾಲದೆ ನಲ್ಲಿಗೆ ಹಗ್ಗವೂ ಬಿತ್ತು. ಅಚ್ಚಮ್ಮ ತನ್ನ ಮನೆಯಲ್ಲಿ ನೀರು ಕಾಯಿಸಿ, ಕೊಡಗಳನ್ನು ಗೋಡೆಯ ಮೇಲಿಂದ ದಾಟಿಸತೊಡಗಿದಳು. ಹಣವಿದ್ದವರು ಬೇರೆ ದಾರಿ ಹಿಡಿದರು. ಸಾವಿರಕ್ಕೆ ಕಟ್ಟಿದ ಮೇಲೆ ಸಾವಿರ ಹರಿಸದಿದ್ದರೆ ನಷ್ಟವೆಂದು ಹಗಲೆಲ್ಲ ನಲ್ಲಿ ತೆರೆದಿಟ್ಟರು. ಚರಂಡಿಗಳು ಹೊಳೆಯಾದವು, ಉಳಿದಿದ್ದ ಎರಡು ಕೆರೆಗಳಲ್ಲಿ ಒಂದು ತಳ ತೋರಿಸಿತು. ಅಲ್ಲಿ ಇಲಾಖೆಯ ಶಾಖಾ ಕಚೇರಿ ಕಟ್ಟಲು ಜಾಗ ಗುರುತಿಸಲಾಯಿತು.

ಖಜಾನೆ ಮಾತ್ರ ತುಂಬಿ ತುಳುಕಿತು. ಇಷ್ಟು ಪ್ರಾಮಾಣಿಕವಾದ, ಲಂಚ ಕೇಳದ, ರಜೆ ಹಾಕದ ಅಧಿಕಾರಿಯನ್ನು ತಾವು ಕಂಡೇ ಇಲ್ಲವೆಂದು ಮಹಾರಾಜರು ರೇಡಿಯೊವನ್ನು ಮಹಾಮಂತ್ರಿ ಮಾಡಲು ನಿರ್ಧರಿಸಿದರು. ಹುಣ್ಣಿಮೆಯ ದಿನ ಪಟ್ಟಾಭಿಷೇಕವಾಯಿತು. ಪುಟ್ಟ ಕಿರೀಟವೊಂದನ್ನು ಮಾಡಿಸಿ ಆಂಟೆನಾದ ತುದಿಗೆ ಸಿಕ್ಕಿಸಿದರು. ಅದರ ಭಾರಕ್ಕೆ ಆಂಟೆನಾ ಬಗ್ಗಿತು. ಮಹಾಮಂತ್ರಿಗಳ ವಿನಯ ನೋಡಿ ಎಂದು ಸಭೆ ಕಣ್ಣೊರೆಸಿಕೊಂಡಿತು. ಸಮಾರಂಭದ ಖರ್ಚನ್ನು ಮುಂದಿನ ತಿಂಗಳ ಚೀಟಿಯಲ್ಲಿ 'ಶ್ರವಣ ಶುಲ್ಕ' ಎಂದು ಸೇರಿಸಲಾಯಿತು. ಹಗ್ಗ ಬಿದ್ದ ನಲ್ಲಿಗಳಿಗೂ ಅದು ಅನ್ವಯಿಸುತ್ತಿತ್ತು.

ಚಿದಂಬರ ಪಂಡಿತರು ಮುಂಗೈಗೆ ಚಿನ್ನದ ಕಡಗ ತೊಟ್ಟು ಮನೆಗೆ ಬಂದರು. ಅಚ್ಚಮ್ಮ ಆಗಷ್ಟೇ ಗೋಡೆಯಾಚೆಗೆ ಕೊನೆಯ ಕೊಡ ದಾಟಿಸಿ ಸೆರಗಿಂದ ಕೈ ಒರೆಸಿಕೊಳ್ಳುತ್ತಿದ್ದಳು.

"ಹೌದಪ್ಪರಾಯರು ನನ್ನ ಪಕ್ಕಕ್ಕೆ ಕರೆದು ಹೇಳಿದ್ರು ಕಣೆ. ಹೊಸ ಮಹಾಮಂತ್ರಿಗಳ ಕಾಲಕ್ಕೆ ಹೊಸ ಬಿರುದು ಬೇಕಂತೆ. ಕೋಟಿಗೆ ಕಮ್ಮಿ ಇರಬಾರದು ಅಂದ್ರು. ಕೋಟಿ ಏನಾದರೂ ಹೊಳೀತಾ? ನನಗೆ ಹೊಳೀತಾ ಇದೆ, ಆದ್ರೂ ಕೇಳ್ದೆ."

"ಕೋಟಿ ಅಂತ ಯಾಕಂತೆ?"

"ಯಾಕೆ ಅಂತ ಕೇಳೋಕಾಗತ್ತಾ? ಏನೋ, ಬಿರುದು ಬೆಳೆದಂಗೆ ರಾಜ್ಯ ಬೆಳೀತಾ ಇದೆಯಂತೆ, ಕಾರಣ ಯಾರಿಗೂ ಗೊತ್ತಿಲ್ಲ, ಎಲ್ಲ ದೈವಕೃಪೆ ಅಂದ್ರು."

ಅಚ್ಚಮ್ಮ ಎಲೆ ಹಾಕಿದಳು, ಅನ್ನ ಬಡಿಸಿದಳು. ಕೋಟಿ ಎಂದರೆ ದ್ಯಾವಮ್ಮನ ಮನೆಯಲ್ಲಿ ಮಾರಲು ಉಳಿಯುವುದು ಗೋಡೆ ಮಾತ್ರ. ಗೋಡೆ ಹೋದರೆ ಕೊಡ ದಾಟಿಸುವುದು ಸುಲಭ ಎಂದುಕೊಂಡು, ಅಂಥ ಹೊತ್ತಿನಲ್ಲೂ ನಗು ಬಂದದ್ದಕ್ಕೆ ತುಟಿ ಕಚ್ಚಿಕೊಂಡಳು. ಗಂಡನಿಗೆ ಹೇಳಿದರೆ? ಅವರು ಸಭೆಗೆ ಹೋಗಿ ಹೇಳುತ್ತಾರೆ, ಬಿರುದು ಹೇಳಿ ಮುಗಿಸುವಷ್ಟರಲ್ಲಿ ಹೆಗಲಿಗೆ ಶಾಲು ಬೀಳುತ್ತದೆ. 'ಒಬ್ಬನೇ ಒಬ್ಬ ಒಡೆಯ' ಎಂದು ಕಟ್ಟಿಬಿಟ್ಟರೆ? ಎಲ್ಲರಿಗೂ ಒಂದೇ ಕೊಡ. ಖಜಾನೆ ಒಣಗಿದ ಮರುದಿನವೇ ಯಾರು ಕಟ್ಟಿದ್ದೆಂದು ಹುಡುಕಿಕೊಂಡು ಬರುತ್ತಾರೆ. ಅದಲ್ಲದೆ, ಆ ಒಂದೂ ಸುಳ್ಳೇ. ಅವಳಿಗೆ ಸುಳ್ಳು ಲೆಕ್ಕ ಸಾಕಾಗಿತ್ತು. ಹಿತ್ತಿಲ ಮೀಟರು ಹೇಳಿದ್ದನ್ನೂ ಚೀಟಿಯಲ್ಲಿದ್ದದ್ದನ್ನೂ ಜೋಡಿಸಿ ನೋಡಿದರೆ, ರೇಡಿಯೊಗೆ ಬೇಕಾದದ್ದು ಮೊದಲ ಅಂಕಿ. ಬಿರುದಿನಲ್ಲಿ ಅಂಕಿಯೇ ಇಲ್ಲದಿದ್ದರೆ ಅದು ಕಾಯುತ್ತದೆ, ಬಡ ಮೀಟರು ಕೊನೆಯಲ್ಲಿ ಪಿಸುಗುಡುವ ಅದರ ಸ್ವಂತ ಮಾತಿನವರೆಗೂ ಕಾಯುತ್ತದೆ. ಇಪ್ಪತ್ತೊಂದಕ್ಕೆ ಇಪ್ಪತ್ತೊಂದು. ಬಾಣಂತಿಗೆ ಐವತ್ತು.

ಎಣಿಕೆಗೆ ಸಿಗದ ಮಹಿಮೆಯ ಮಹಾರಾಜ.

ಪದಗಳು ಈ ಸಲ ಬಡಿತವಿಲ್ಲದೆ ಬಂದವು. ಕೋಟಿ ಅನ್ನುವುದು ಎಣಿಸಬಹುದಾದ ಸಣ್ಣ ಅರಸರಿಗೆ ಎಂದು ನಾಳೆ ಒಗೆಯುವ ಕಲ್ಲಿನ ಹತ್ತಿರ ತನ್ನಷ್ಟಕ್ಕೆ ಒಂದು ಮಾತು ಆಡಿದರೆ ಸಾಕು, ಅದು ತಮಗೇ ಹೊಳೆಯಿತೆಂದು ಇವರು ಓಡುತ್ತಾರೆ. ಸಭೆಯಲ್ಲಿ ಬೇಡ ಎನ್ನುವ ಧೈರ್ಯ ಯಾರಿಗಿದೆ?

"ಏನು, ಹೊಳೀತಾ?" ಎಂದರು ಪಂಡಿತರು.

"ಇಲ್ಲ," ಎಂದಳು ಅಚ್ಚಮ್ಮ. "ಮಜ್ಜಿಗೆ ಬಡಿಸಲಾ?"